ಇಲಿಯ ರಕ್ತಗಂಟು, ನಮ್ಮ ಸಕ್ಕರೆ ಮಾತ್ರೆ

ನಮ್ಮ ದೊಡ್ಡಮ್ಮ ಒಂದು ಸಲ ಹನ್ನೊಂದು ದಿನ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಲೂ ಇಲ್ಲ. ದಿನಾ ಬೆಳಿಗ್ಗೆ ಸ್ಟ್ರಿಪ್‌ನಿಂದ ಒಂದು ಮಾತ್ರೆ ಒತ್ತಿ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಆಮೇಲೆ ಹಿತ್ತಿಲ ಕಡೆ ಹೋಗಿ ಬಿಸಾಡುತ್ತಿದ್ದರು. ಕೊನೆಗೆ ಸಿಕ್ಕಿಬಿದ್ದಾಗ ಮೊಬೈಲ್ ತೋರಿಸಿದರು. ವಾಟ್ಸಾಪ್‌ನಲ್ಲಿ ಬಂದ ಒಂದು ಫೋಟೋ. ಮಾತ್ರೆ ಡಬ್ಬಿಯೊಳಗೆ ಎಂಟು ಮಡಿಕೆ ಮಾಡಿ ಇಟ್ಟಿರುತ್ತಾರಲ್ಲ, ಆ ಸಣ್ಣ ಅಕ್ಷರದ ಇಂಗ್ಲಿಷ್ ಕಾಗದ. ಅದರ ಎರಡು ಸಾಲಿಗೆ ಕೆಂಪು ಗೆರೆ ಎಳೆದಿತ್ತು. ಕೆಳಗೆ ಕನ್ನಡದಲ್ಲಿ, 'ಈ ಮಾತ್ರೆ ತಿಂದ ಇಲಿಗಳಿಗೆ ರಕ್ತನಾಳದ ಗೆಡ್ಡೆ ಬಂದಿದೆ, ಎಲ್ಲರಿಗೂ ಕಳಿಸಿ' ಅಂತ ಬರೆದಿತ್ತು.

ಇದು ಸುಳ್ಳು ಸುದ್ದಿಯಾಗಿದ್ದರೆ ಅವರಿಗೆ ಸಮಾಧಾನ ಹೇಳುವುದು ಸುಲಭವಿತ್ತು. ಆದರೆ ಆ ಎರಡು ಸಾಲು ನಿಜ. ಗಂಡು ಇಲಿಗಳ ಕರುಳಿನ ಪಕ್ಕದ ದುಗ್ಧಗ್ರಂಥಿಯಲ್ಲಿ ಹೆಮಾಂಜಿಯೋಮಾ ಎಂಬ ಗೆಡ್ಡೆ ಜಾಸ್ತಿ ಕಂಡಿತು ಅಂತ ಕಂಪನಿಯೇ ಬರೆದಿದೆ, ಅಮೆರಿಕ ಮತ್ತು ಯುರೋಪಿನ ಔಷಧ ಇಲಾಖೆಗಳು ಅದನ್ನು ಓದಿಯೇ ಒಪ್ಪಿಗೆ ಕೊಟ್ಟಿವೆ. ಹಾಗಾದರೆ ಒಪ್ಪಿಗೆ ಕೊಟ್ಟದ್ದು ಹೇಗೆ? ದೊಡ್ಡಮ್ಮ ಕೇಳಿದ್ದೂ ಅದನ್ನೇ. ಇದಕ್ಕೆ 'ಏನೂ ಆಗಲ್ಲ, ಸುಮ್ನೆ ನುಂಗಿ' ಅನ್ನುವುದು ಉತ್ತರವಲ್ಲ.

ಮಾತ್ರೆಯ ಹೆಸರು ಎಂಪಾಗ್ಲಿಫ್ಲೋಜಿನ್. 2014ರಲ್ಲಿ ಯುರೋಪ್ ಮತ್ತು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೂತ್ರಪಿಂಡ ಸೋಸಿದ ಸಕ್ಕರೆಯನ್ನು ದೇಹ ಮತ್ತೆ ರಕ್ತಕ್ಕೆ ಎಳೆದುಕೊಳ್ಳುತ್ತದೆ. ಆ ಬಾಗಿಲನ್ನು ಈ ಮಾತ್ರೆ ಅರ್ಧ ಮುಚ್ಚುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ 10 ಮಿಲಿಗ್ರಾಂ ಮಾತ್ರೆಗೆ ದಿನಕ್ಕೆ ಸುಮಾರು 64 ಗ್ರಾಂ ಸಕ್ಕರೆ ಮೂತ್ರದಲ್ಲಿ ಹೊರಟುಹೋಗುತ್ತದೆ. ನಮ್ಮಲ್ಲಿ ಮೊದಲು ಇದು ಉಳ್ಳವರ ಮಾತ್ರೆಯಾಗಿತ್ತು, ಒಂದಕ್ಕೆ 60 ರೂಪಾಯಿ ಆಸುಪಾಸು. 2025ರ ಮಾರ್ಚ್‌ನಲ್ಲಿ ಪೇಟೆಂಟ್ ಮುಗಿಯಿತು. ಹತ್ತಾರು ಭಾರತೀಯ ಕಂಪನಿಗಳು ತಮ್ಮ ತಮ್ಮ ಮಾತ್ರೆ ತಂದವು, ಕೆಲವದರ ಬೆಲೆ 10 ರೂಪಾಯಿಗಿಂತ ಕೆಳಗಿಳಿಯಿತು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಅಂದರೆ ಆ ಮಡಚಿದ ಕಾಗದ ಈಗ ಲಕ್ಷಾಂತರ ಮನೆಗಳ ಒಳಗೆ ಬಂದು ಕೂತಿದೆ. ಅದರಲ್ಲಿರುವುದು ಏನು ಅಂತ ನಮ್ಮ ಭಾಷೆಯಲ್ಲಿ ಯಾರಾದರೂ ಬಿಡಿಸಿ ಹೇಳಬೇಕಲ್ವಾ?

ಮೊದಲು ಆ ಪ್ರಯೋಗ ಹೇಗೆ ನಡೆಯುತ್ತದೆ ಅಂತ ನೋಡೋಣ. ದೀರ್ಘ ಕಾಲ ನುಂಗಬೇಕಾದ ಯಾವುದೇ ಹೊಸ ಔಷಧವನ್ನು ಸಾಮಾನ್ಯವಾಗಿ ಎರಡು ಜಾತಿಯ ಪ್ರಾಣಿಗೆ ಕೊಟ್ಟು ನೋಡುತ್ತಾರೆ. ಇಲ್ಲಿ ವಿಸ್ಟರ್ ಎಂಬ ತಳಿಯ ಬಿಳಿ ಇಲಿ, ಮತ್ತು ಅದಕ್ಕಿಂತ ತುಂಬಾ ಚಿಕ್ಕದಾದ ಸುಂಡಿಲಿ. ಎರಡು ವರ್ಷದ ಪ್ರಯೋಗ. ಇಲಿಯ ಆಯಸ್ಸೇ ಹೆಚ್ಚು ಕಡಿಮೆ ಅಷ್ಟು. ಅಂದರೆ ಬಾಲ್ಯ ಮುಗಿದಂದಿನಿಂದ ಮುಪ್ಪಿನ ತನಕ ದಿನವೂ ಔಷಧ. ಒಂದು ಗುಂಪಿಗೆ ಬರೀ ನೀರಿನಂಥ ದ್ರಾವಣ, ಉಳಿದ ಮೂರು ಗುಂಪಿಗೆ ಕಡಿಮೆ, ಮಧ್ಯಮ, ಅತಿ ಹೆಚ್ಚು. ಕೊನೆಗೆ ಪ್ರತಿ ಇಲಿಯ ಪ್ರತಿ ಅಂಗವನ್ನೂ ಕೂದಲಿಗಿಂತ ತೆಳ್ಳಗೆ ಹಚ್ಚಿ, ಬಣ್ಣ ಹಾಕಿ, ಗಾಜಿನ ಮೇಲಿಟ್ಟು ರೋಗಶಾಸ್ತ್ರಜ್ಞರು ಒಂದೊಂದೇ ನೋಡುತ್ತಾರೆ.

ಆ ಗಾಜಿನ ಮೇಲೆ ಏನು ಕಾಣುತ್ತದೆ ಅಂತ ಒಂಚೂರು ಹತ್ತಿರದಿಂದ ನೋಡಬೇಕು. ಕರುಳನ್ನು ಹಿಡಿದಿಟ್ಟಿರುವ ತೆಳು ಪೊರೆಯಲ್ಲಿ ಅವರೆಕಾಳಿನ ಹಾಗೆ ದುಗ್ಧಗ್ರಂಥಿಗಳು ಇರುತ್ತವೆ. ಕರುಳಿನಿಂದ ಬರುವ ರಸ ಇವುಗಳ ಮೂಲಕ ಸೋಸಿಕೊಂಡು ಮುಂದೆ ಹೋಗುತ್ತದೆ. ಚೆನ್ನಾಗಿರುವ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಟ್ಟೆಯಲ್ಲಿ ರಾಗಿ ಒತ್ತಿ ತುಂಬಿದ ಹಾಗೆ ನೇರಳೆ ಚುಕ್ಕಿಗಳು. ಒಂದೊಂದು ಚುಕ್ಕಿಯೂ ಒಂದು ಬಿಳಿ ರಕ್ತಕಣ. ಹೆಮಾಂಜಿಯೋಮಾ ಇರುವ ಕಡೆ ರಾಗಿ ಸರಿದು ಜಾಗ ಬಿಟ್ಟಂತಿರುತ್ತದೆ. ಅಲ್ಲಿ ಕೆಂಪು ರಕ್ತ ತುಂಬಿದ ಸಣ್ಣ ಸಣ್ಣ ಗೂಡುಗಳು. ಗೂಡಿನ ಗೋಡೆ ಒಂದೇ ಪದರ, ಜೀವಕೋಶಗಳು ಚಪ್ಪಟೆ, ಮಾಮೂಲಿ ರಕ್ತನಾಳದ್ದೇ ರೂಪ. ಅವು ತಮ್ಮ ಎಲ್ಲೆ ದಾಟುವುದಿಲ್ಲ, ಬೇರೆ ಅಂಗಕ್ಕೆ ಹಾರುವುದಿಲ್ಲ. ಇದರ ಕ್ಯಾನ್ಸರ್ ರೂಪ ಬೇರೆ, ಅದಕ್ಕೆ ಹೆಮಾಂಜಿಯೋಸಾರ್ಕೋಮಾ ಅನ್ನುತ್ತಾರೆ. ಅಲ್ಲಿ ಕೋಶಗಳು ಉಬ್ಬಿ, ಒಂದರ ಮೇಲೊಂದು ಹತ್ತಿ, ಸುತ್ತಲಿನ ಅಂಗಾಂಶದೊಳಗೆ ನುಗ್ಗುತ್ತವೆ. ವಾಟ್ಸಾಪ್ ಸಂದೇಶದ 'ಗೆಡ್ಡೆ' ಎಂಬ ಒಂದೇ ಮಾತಿನಲ್ಲಿ ಈ ಎರಡೂ ಸೇರಿಹೋಗಿವೆ. ನಮ್ಮ ಕಿವಿಗೆ ಗೆಡ್ಡೆ ಅಂದರೆ ಕ್ಯಾನ್ಸರ್. ಹುಟ್ಟಿದ ಮಗುವಿನ ಕೆನ್ನೆ ಮೇಲೆ ಬರುವ ಸ್ಟ್ರಾಬೆರಿಯಂಥ ಕೆಂಪು ಉಬ್ಬು ಕೂಡ ಒಂದು ಬಗೆಯ ಹೆಮಾಂಜಿಯೋಮಾ ಎಂದರೆ ಹೆಚ್ಚಿನವರು ನಂಬುವುದಿಲ್ಲ.

ಇನ್ನು ಪ್ರಮಾಣದ ಮಾತು. ಗೆಡ್ಡೆ ಹೆಚ್ಚಾದದ್ದು ಅತಿ ಹೆಚ್ಚು ಔಷಧ ಕೊಟ್ಟ ಗುಂಪಿನಲ್ಲಿ, ಅಂದರೆ ಇಲಿಯ ಒಂದು ಕೆಜಿ ತೂಕಕ್ಕೆ 700 ಮಿಲಿಗ್ರಾಂ ಲೆಕ್ಕದಲ್ಲಿ. ಅರ್ಧ ಕೆಜಿ ತೂಗುವ ಗಂಡು ಇಲಿಗೆ ದಿನಕ್ಕೆ 350 ಮಿಲಿಗ್ರಾಂ. ಮನುಷ್ಯರಿಗೆ ಕೊಡುವ ದೊಡ್ಡ ಮಾತ್ರೆಯೇ 25 ಮಿಲಿಗ್ರಾಂ. ಅಂಗೈಯಷ್ಟು ಇಲಿ ದಿನಕ್ಕೆ ಅಂಥ 14 ಮಾತ್ರೆ ನುಂಗಿದ ಹಾಗಾಯಿತು, ಜೀವಮಾನವಿಡೀ.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ತೂಕದ ಲೆಕ್ಕ ಹಿಡಿದರೆ ಇದು 70 ಕೆಜಿ ಮನುಷ್ಯನ ಪ್ರಮಾಣದ ಸುಮಾರು 2,000 ಪಟ್ಟು ಆಗುತ್ತದೆ. ಔಷಧದ ಪರ ಮಾತಾಡುವವರು ಕೆಲವೊಮ್ಮೆ ಈ ಸಂಖ್ಯೆಯನ್ನೇ ಹೇಳಿಬಿಡುತ್ತಾರೆ. ಅದು ನ್ಯಾಯವಲ್ಲ. ಇಲಿಯ ದೇಹ ಔಷಧವನ್ನು ನಮಗಿಂತ ಬೇಗ ಹೊರಹಾಕುತ್ತದೆ. ಹಾಗಾಗಿ ಹೊಟ್ಟೆಗೆ ಎಷ್ಟು ಹೋಯಿತು ಅನ್ನುವುದಕ್ಕಿಂತ ರಕ್ತದಲ್ಲಿ ಎಷ್ಟು, ಎಷ್ಟು ಹೊತ್ತು ಇತ್ತು ಅನ್ನುವುದು ಮುಖ್ಯ. ಆ ಸರಿಯಾದ ಲೆಕ್ಕದಲ್ಲಿ ಅಂತರ ಸುಮಾರು 42 ಪಟ್ಟು. ಎರಡು ಸಾವಿರಕ್ಕೂ ನಲವತ್ತೆರಡಕ್ಕೂ ಎಷ್ಟು ವ್ಯತ್ಯಾಸ ನೋಡಿ. ನಲವತ್ತೆರಡು ಪಟ್ಟು ಸಣ್ಣದಲ್ಲ, ಆದರೆ ಬರೀ ಅದನ್ನು ನಂಬಿ ಕೂರುವಷ್ಟು ದೊಡ್ಡದೂ ಅಲ್ಲ. ಅದರ ಕೆಳಗಿನ ಗುಂಪು, 300 ಮಿಲಿಗ್ರಾಂನದು, ರಕ್ತದಲ್ಲಿ ನಮ್ಮ 26 ಪಟ್ಟು ಔಷಧ ಇದ್ದರೂ ಈ ಗೆಡ್ಡೆ ಹೆಚ್ಚಾಗಲಿಲ್ಲ.

ನನಗೆ ಇದಕ್ಕಿಂತ ಗಟ್ಟಿ ಅನಿಸಿದ ಸಾಕ್ಷಿ ಹೆಣ್ಣಿಲಿಗಳದ್ದು. ಅವಕ್ಕೂ ಅದೇ 700 ಮಿಲಿಗ್ರಾಂ ಕೊಟ್ಟರು. ಹೆಣ್ಣಿಲಿಯ ರಕ್ತದಲ್ಲಿ ಔಷಧ ಇನ್ನೂ ಜಾಸ್ತಿ ಸೇರಿತು, ನಮ್ಮ 72 ಪಟ್ಟು. ಆದರೂ ಯಾವ ಗೆಡ್ಡೆಯೂ ಹೆಚ್ಚಾಗಲಿಲ್ಲ. ಸುಂಡಿಲಿಗಳಲ್ಲೂ ರಕ್ತನಾಳದ ಗೆಡ್ಡೆ ಹೆಚ್ಚಾಗಲಿಲ್ಲ. ಔಷಧ ನೇರವಾಗಿ ಡಿಎನ್‌ಎಯನ್ನು ಕೆಡಿಸುವಂಥದ್ದಾಗಿದ್ದರೆ ಹೀಗೆ ಗಂಡು ಹೆಣ್ಣು ನೋಡಿ, ಒಂದೇ ಗ್ರಂಥಿ ಹುಡುಕಿ ಹೋಗುವುದು ಕಷ್ಟ. ಡಿಎನ್‌ಎಗೆ ಪೆಟ್ಟು ಬೀಳುತ್ತದೆಯೇ ಅಂತ ಬ್ಯಾಕ್ಟೀರಿಯಾದಲ್ಲಿ, ಪ್ರಾಣಿಕೋಶದಲ್ಲಿ, ಜೀವಂತ ಇಲಿಯಲ್ಲಿ ಬೇರೆಯಾಗಿ ಪರೀಕ್ಷೆ ಮಾಡಿದ್ದಾರೆ. ಬೀಳಲಿಲ್ಲ.

ಜೊತೆಗೆ ಈ ತಳಿಯ ಸ್ವಭಾವವೂ ಇದೆ. ವಿಸ್ಟರ್ ಇಲಿಗೆ, ಅದರಲ್ಲೂ ಮುದಿ ಗಂಡಿಗೆ, ಔಷಧ ಕೊಡದಿದ್ದರೂ ಕರುಳಿನ ಗ್ರಂಥಿಯಲ್ಲಿ ಈ ರಕ್ತಗಂಟು, ಅಂದರೆ ಹೆಮಾಂಜಿಯೋಮಾ, ಬರುತ್ತದೆ. ಪ್ರಯೋಗಾಲಯಗಳಿಗೆ ಇದು ಹಳೆಯ ಪರಿಚಯ. ನಮ್ಮಲ್ಲಿ ವಯಸ್ಸಾದವರ ಮೈಮೇಲೆ ಕೆಂಪು ಮಚ್ಚೆ ಏಳುವ ಹಾಗೆ. ಅದಕ್ಕೇ ಅಮೆರಿಕದ ಔಷಧ ಇಲಾಖೆ ಅಪರೂಪದ ಗೆಡ್ಡೆಗೆ ಒಂದು ಅಳತೆ, ಮಾಮೂಲಿ ಗೆಡ್ಡೆಗೆ ಇನ್ನೂ ಬಿಗಿಯಾದ ಅಳತೆ ಇಟ್ಟುಕೊಂಡಿದೆ. ಮೊದಲೇ ಬರುವಂಥ ಗೆಡ್ಡೆ ಒಂದೆರಡು ಇಲಿಯಲ್ಲಿ ಹೆಚ್ಚು ಕಂಡರೆ ಅದು ಕಾಕತಾಳೀಯ ಇರಬಹುದು. ಇಲ್ಲಿ ಹೆಚ್ಚಳ ಕಾಕತಾಳೀಯ ಅಂತ ತಳ್ಳಿಹಾಕಿಲ್ಲ, ಔಷಧದಿಂದಲೇ ಅಂತ ಒಪ್ಪಿಕೊಂಡಿದ್ದಾರೆ. ಇಲಿಯಲ್ಲಿ ಮೊದಲೇ ಇದ್ದ ಒಲವನ್ನು ಆ ಭಾರಿ ಪ್ರಮಾಣ ತಳ್ಳಿತು ಅನ್ನುವುದು ಅವರ ಓದು. ಯುರೋಪಿನ ಇಲಾಖೆಯ ದಾಖಲೆಯಲ್ಲಿ ಇದು ಇಲಿಗಳಲ್ಲಿ ಮಾಮೂಲಿ ಗೆಡ್ಡೆ, ಮನುಷ್ಯರಿಗೆ ಅನ್ವಯಿಸುವ ಸಂಭವ ಕಡಿಮೆ ಅಂತಿದೆ. ಸಂಭವ ಇಲ್ಲವೇ ಇಲ್ಲ ಅಂತ ಬರೆದಿಲ್ಲ, ಗಮನಿಸಿ. ಆ ಒಂದು ಪದ ಕೂಡ ತೂಗಿ ಇಟ್ಟದ್ದು.

ಅದೇ ಕಾಗದದಲ್ಲಿ ಇನ್ನೂ ಎರಡು ವಿಷಯ ಇವೆ, ಬಚ್ಚಿಡುವಂಥದ್ದಲ್ಲ. ಗಂಡಿಲಿಯ ವೃಷಣದಲ್ಲಿ ಒಂದು ಬಗೆಯ ಗೆಡ್ಡೆ 300 ಮಿಲಿಗ್ರಾಂನಿಂದಲೇ ಹೆಚ್ಚಾಯಿತು. ಗಂಡು ಸುಂಡಿಲಿಯ ಮೂತ್ರಪಿಂಡದಲ್ಲಿ ಅತಿ ಹೆಚ್ಚಿನ ಪ್ರಮಾಣಕ್ಕೆ ಗೆಡ್ಡೆ ಬಂತು, ಅದರಲ್ಲಿ ಕ್ಯಾನ್ಸರ್ ಕೂಡ ಇತ್ತು. ಎರಡನೆಯದರ ಕಾರಣವನ್ನು ಚೆನ್ನಾಗಿ ಬೆನ್ನತ್ತಿದ್ದಾರೆ. ಗಂಡು ಸುಂಡಿಲಿಯ ಮೂತ್ರಪಿಂಡ ಈ ಔಷಧವನ್ನು ಒಂದು ವಿಶೇಷ ದಾರಿಯಲ್ಲಿ ಒಡೆಯುತ್ತದೆ, ಆಗ ಕೋಶಕ್ಕೆ ವಿಷವಾಗುವ ಒಂದು ಆಲ್ಡಿಹೈಡ್ ಹುಟ್ಟುತ್ತದೆ. ಮನುಷ್ಯರ ಮೂತ್ರಪಿಂಡದಲ್ಲಿ ಆ ದಾರಿ ನಡೆಯುವುದಿಲ್ಲ. ರಕ್ತಗಂಟಿನ ವಿಷಯದಲ್ಲಿ ಇಷ್ಟು ಸ್ಪಷ್ಟವಾದ ಕಥೆ ಆ ಕಾಗದದಲ್ಲಿಲ್ಲ. ಅಲ್ಲಿ ತೀರ್ಪು ನಿಂತಿರುವುದು ಪ್ರಮಾಣ, ತಳಿ, ಲಿಂಗ, ಡಿಎನ್‌ಎ ಪರೀಕ್ಷೆ ಈ ಎಲ್ಲವನ್ನೂ ಒಟ್ಟಿಗೆ ತೂಗಿ.

'ಇಲಿಗೆ ಆದದ್ದು ಇಲಿಗೇ, ನಮಗೇನು' ಅಂತ ಹೇಳುವವರೂ ಇದ್ದಾರೆ. ಅವರ ಮಾತು ನನಗೆ ವಾಟ್ಸಾಪ್ ಸಂದೇಶಕ್ಕಿಂತ ಜಾಸ್ತಿ ಭಯ ಹುಟ್ಟಿಸುತ್ತದೆ. ಯಾಕೆಂದರೆ ಇಲಿಯ ರಕ್ತನಾಳದ ಗೆಡ್ಡೆಯೇ ಒಮ್ಮೆ ಮನುಷ್ಯರ ಸಾವನ್ನು ಮುಂಚೆಯೇ ತೋರಿಸಿಕೊಟ್ಟಿತ್ತು.

ವಿನೈಲ್ ಕ್ಲೋರೈಡ್ ಅಂತ ಒಂದು ಅನಿಲ. ಪಿವಿಸಿ ಪೈಪು ಮಾಡುವುದು ಇದರಿಂದಲೇ. 1970ರ ದಶಕದ ಶುರುವಿನಲ್ಲಿ ಇಟಲಿಯ ಬೊಲೊನ್ಯದಲ್ಲಿ ಚೆಸಾರೆ ಮಾಲ್ಟೋನಿ ಎಂಬ ವಿಜ್ಞಾನಿ ಇಲಿಗಳಿಗೆ ಈ ಅನಿಲ ಉಸಿರಾಡಿಸಿ ನೋಡಿದರು. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 250 ಭಾಗ ಅನಿಲ ಇದ್ದಾಗಲೂ ಇಲಿಯ ಯಕೃತ್ತಿನಲ್ಲಿ ರಕ್ತನಾಳದ ಕ್ಯಾನ್ಸರ್ ಬಂತು. ಆ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳಲ್ಲಿ ಕಾರ್ಮಿಕರು ಉಸಿರಾಡಲು ಕಾನೂನು ಬಿಟ್ಟಿದ್ದ ಮಿತಿ 500 ಭಾಗ. ಅಂದರೆ ಮನುಷ್ಯರಿಗೆ ಬಿಟ್ಟಿದ್ದ ಮಿತಿಯ ಅರ್ಧದಲ್ಲೇ ಇಲಿಗೆ ಕ್ಯಾನ್ಸರ್! ಈ ಫಲಿತಾಂಶ ಗೊತ್ತಿದ್ದ ಕಂಪನಿಗಳು ತಿಂಗಳುಗಟ್ಟಲೆ ಅದನ್ನು ಗುಟ್ಟಾಗಿ ಇಟ್ಟವು. 1974ರ ಜನವರಿಯಲ್ಲಿ ಕೆಂಟಕಿ ರಾಜ್ಯದ ಲೂಯಿವಿಲ್ ಊರಿನ ಬಿ.ಎಫ್. ಗುಡ್‌ರಿಚ್ ಕಾರ್ಖಾನೆ, ತನ್ನ ಮೂವರು ಕಾರ್ಮಿಕರು ಅದೇ ಅಪರೂಪದ ಯಕೃತ್ತಿನ ಕ್ಯಾನ್ಸರ್‌ನಿಂದ ಸತ್ತಿದ್ದಾರೆ ಅಂತ ತಿಳಿಸಿತು. ಇಂಥ ಕಾರ್ಖಾನೆಗಳಲ್ಲಿ ದೊಡ್ಡ ದೊಡ್ಡ ತೊಟ್ಟಿಗಳೊಳಗೆ ಆಳು ಇಳಿದು, ಗೋಡೆಗೆ ಅಂಟಿದ ಪ್ಲಾಸ್ಟಿಕ್ಕನ್ನು ಕೈಯಿಂದ ಕೆರೆದು ತೆಗೆಯಬೇಕಿತ್ತು. ಅಮೆರಿಕ ಸರ್ಕಾರ ಅದೇ ವರ್ಷ ಮಿತಿಯನ್ನು 500ರಿಂದ 1ಕ್ಕೆ ಇಳಿಸುವ ನಿಯಮ ತಂದಿತು. ಇಲಿಯ ಮಾತು ಮೊದಲೇ ಕೇಳಿಸಿಕೊಂಡಿದ್ದರೆ ಎಷ್ಟು ಜನ ಆ ತೊಟ್ಟಿಗೆ ಇಳಿಯುವುದು ತಪ್ಪುತ್ತಿತ್ತು.

ಈಗ ಎರಡನ್ನೂ ಪಕ್ಕಪಕ್ಕ ಇಡಿ. ಅಲ್ಲಿ ಕ್ಯಾನ್ಸರ್, ಇಲ್ಲಿ ನಿಂತಲ್ಲೇ ನಿಲ್ಲುವ ಗಂಟು. ಅಲ್ಲಿ ಮನುಷ್ಯರಿಗೆ ತಾಗುವ ಪ್ರಮಾಣದ ಅರ್ಧಕ್ಕೇ ಬಂತು, ಇಲ್ಲಿ 26 ಪಟ್ಟಿಗೂ ಬರಲಿಲ್ಲ. ಅಲ್ಲಿ ಅನಿಲ ಯಕೃತ್ತಿನಲ್ಲಿ ಒಡೆದು ಡಿಎನ್‌ಎಗೆ ನೇರವಾಗಿ ಅಂಟಿಕೊಳ್ಳುತ್ತದೆ, ಇಲಿಯಲ್ಲೂ ಹಾಗೆಯೇ ಮನುಷ್ಯನಲ್ಲೂ ಹಾಗೆಯೇ. ಇಲ್ಲಿ ಆ ಗುಣ ಕಾಣಲಿಲ್ಲ. ಯಕೃತ್ತಿನ ಆ ಕ್ಯಾನ್ಸರ್ ತನ್ನಷ್ಟಕ್ಕೆ ಬರುವುದೇ ತೀರಾ ಅಪರೂಪ, ಹಾಗಾಗಿ ಒಂದೇ ಕಾರ್ಖಾನೆಯಲ್ಲಿ ಮೂವರಿಗೆ ಬಂದಾಗ ಎದ್ದು ಕಂಡಿತು. ಇಲಿಯ ರಕ್ತಗಂಟು ಹಾಗಲ್ಲ, ಮುಪ್ಪಿನ ಜೊತೆಗೇ ಬರುವಂಥದ್ದು. ಎರಡು ಕಡೆಯೂ 'ಇಲಿಗೆ ರಕ್ತನಾಳದ ಗೆಡ್ಡೆ' ಅಂತಲೇ ಬರೆಯಬಹುದು. ಆದರೆ ಅರ್ಥ ಎಲ್ಲಿಂದೆಲ್ಲಿಗೆ!

ಇವೆರಡರ ನಡುವೆ ನಿಲ್ಲುವ ಇನ್ನೊಂದು ಔಷಧ ನಮ್ಮ ಮನೆಗಳಲ್ಲೇ ಇದೆ. ಸಕ್ಕರೆ ಕಾಯಿಲೆಯವರಿಗೆ ಪಾದ ಉರಿಯುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ ಅಂತ ಡಾಕ್ಟರು ಬರೆಯುವ ಪ್ರಿಗ್ಯಾಬಲಿನ್. ಅದನ್ನು ಸುಂಡಿಲಿಗೆ ಕೊಟ್ಟಾಗ ಬಂದದ್ದು ನಿರುಪದ್ರವಿ ಗಂಟಲ್ಲ, ಹೆಮಾಂಜಿಯೋಸಾರ್ಕೋಮಾ, ಅಂದರೆ ಕ್ಯಾನ್ಸರ್. ಪ್ರಮಾಣ ಏರಿದಂತೆ ಗೆಡ್ಡೆಯೂ ಏರಿತು. ಇಲಿಗೆ ಮಾತ್ರ ಬರಲಿಲ್ಲ. ಯಾಕೆ ಅಂತ ವಿಜ್ಞಾನಿಗಳು ವರ್ಷಗಟ್ಟಲೆ ಹುಡುಕಿದರು. ಸುಂಡಿಲಿಯ ಉಸಿರಾಟ ಈ ಔಷಧದಿಂದ ಮಂದವಾಗುತ್ತದೆ, ರಕ್ತದ ಬೈಕಾರ್ಬನೇಟ್ ಏರುತ್ತದೆ, ಅಂಗಾಂಶಕ್ಕೆ ಆಮ್ಲಜನಕ ಸಾಲದೆ ರಕ್ತನಾಳದ ಕೋಶಗಳು ಬೆಳೆಯಲು ಶುರು ಮಾಡುತ್ತವೆ. ಇಲಿಯಲ್ಲಿ ಈ ಸರಪಳಿ ಮುಂದುವರಿಯುವುದಿಲ್ಲ. ಹೀಗೆ ಒಂದೊಂದು ಕೊಂಡಿ ಹುಡುಕಿದ ಮೇಲೇ ಅದು ಸುಂಡಿಲಿಯ ದೇಹದ ವಿಶೇಷ ಅಂತ ಆ ವಿಜ್ಞಾನಿಗಳು ಹೇಳಿದ್ದು. ಸುಮ್ನೆ ತಳ್ಳಿಹಾಕಿದ್ದಲ್ಲ.

ಪ್ರಾಣಿ ಪ್ರಯೋಗದ ಆಚೆ ಮನುಷ್ಯರ ಲೆಕ್ಕವೂ ಬೇಕು. ಭಾರತದಲ್ಲಿ ಇದರ ಒಂದು ಕಹಿ ನೆನಪು ಇದೆ. ಪಿಯೋಗ್ಲಿಟಜೋನ್ ಎಂಬ ಅಗ್ಗದ ಸಕ್ಕರೆ ಮಾತ್ರೆ ಗಂಡಿಲಿಗಳಲ್ಲಿ ಮೂತ್ರಕೋಶದ ಗೆಡ್ಡೆ ತಂದದ್ದು ಮೊದಲೇ ಗೊತ್ತಿತ್ತು. ಆಮೇಲೆ ಮನುಷ್ಯರ ಅಧ್ಯಯನಗಳಲ್ಲೂ ಆ ಅನುಮಾನ ಎದ್ದಿತು, 2011ರಲ್ಲಿ ಫ್ರಾನ್ಸ್ ಅದನ್ನು ನಿಲ್ಲಿಸಿತು. 2013ರ ಜೂನ್‌ನಲ್ಲಿ ನಮ್ಮ ಸರ್ಕಾರ ಅದನ್ನು ದಿಢೀರಂತ ನಿಲ್ಲಿಸಿತು. ಜುಲೈ ಕೊನೆಗೆ, ಎಚ್ಚರಿಕೆಯ ಪೆಟ್ಟಿಗೆ ಅಚ್ಚು ಹಾಕಿ ಮಾರಿ ಅಂತ ಮತ್ತೆ ಬಿಟ್ಟಿತು. ಆ ಒಂದೂವರೆ ತಿಂಗಳು ಆ ಮಾತ್ರೆಯನ್ನೇ ನಂಬಿದ್ದವರಿಗೆ ಯಾರನ್ನು ಕೇಳಬೇಕು ಅಂತ ತಿಳಿಯಲಿಲ್ಲ. ಬೇಡ ಅಂದದ್ದು ಯಾಕೆ, ಬೇಕು ಅಂದದ್ದು ಯಾಕೆ, ಎರಡನ್ನೂ ಜನರಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳುವ ಕೆಲಸ ಹಿಂದೆಯೇ ಉಳಿಯಿತು.

ಎಂಪಾಗ್ಲಿಫ್ಲೋಜಿನ್‌ನ ದೊಡ್ಡ ಪ್ರಯೋಗ 2015ರಲ್ಲಿ ಪ್ರಕಟವಾಯಿತು. 42 ದೇಶಗಳ ಏಳು ಸಾವಿರ ಚಿಲ್ಲರೆ ಜನ, ಎಲ್ಲರಿಗೂ ಸಕ್ಕರೆ ಕಾಯಿಲೆಯ ಜೊತೆ ಹೃದಯದ ಅಥವಾ ರಕ್ತನಾಳದ ತೊಂದರೆ ಮೊದಲೇ ಇತ್ತು. ಸರಾಸರಿ ಮೂರು ವರ್ಷ ನೋಡಿದರು. ಖಾಲಿ ಮಾತ್ರೆ ನುಂಗಿದವರಲ್ಲಿ ಸಾವಿರಕ್ಕೆ 59 ಜನ ಹೃದಯ, ರಕ್ತನಾಳದ ಕಾರಣದಿಂದ ತೀರಿಕೊಂಡರು. ಔಷಧ ನುಂಗಿದವರಲ್ಲಿ 37. ಅಂದರೆ ಸಾವಿರಕ್ಕೆ 22 ಜೀವ ಉಳಿದ ಲೆಕ್ಕ. ಆಮೇಲೆ ಹೃದಯ ಸೋತವರಲ್ಲಿ, ಮೂತ್ರಪಿಂಡ ಸೋತವರಲ್ಲಿ ನಡೆದ ಪ್ರಯೋಗಗಳಲ್ಲೂ ಲಾಭ ಕಂಡಿತು. ಮೂರು ವರ್ಷದ ಪ್ರಯೋಗ ಕ್ಯಾನ್ಸರ್‌ನಂಥ ನಿಧಾನದ ವಿಷಯಕ್ಕೆ ಸಾಲುವುದಿಲ್ಲ, ಅದು ಸರಿ. ಅದಕ್ಕೇ ಮಾರುಕಟ್ಟೆಗೆ ಬಂದ ಮೇಲೂ ನೋಡುತ್ತಲೇ ಇರಬೇಕು. ಆದರೆ ತಕ್ಕಡಿಯ ಒಂದು ತಟ್ಟೆಯಲ್ಲಿ ರಕ್ತದಲ್ಲಿ ನಮ್ಮ 42 ಪಟ್ಟು ಔಷಧ ಇದ್ದ ಗಂಡಿಲಿಯ ಗಂಟು, ಇನ್ನೊಂದರಲ್ಲಿ ಈ 22 ಜೀವ. ದೊಡ್ಡಮ್ಮನಿಗೆ ಎರಡು ಸ್ಟೆಂಟ್ ಹಾಕಿದೆ. ಆ ಹನ್ನೊಂದು ದಿನ ಅವರು ಎಸೆದದ್ದು ಈ ಎರಡನೇ ತಟ್ಟೆಯನ್ನು.

ನನಗೆ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಇಲಿಯ ಗಂಟು ಫೋಟೋ ಆಗಿ ಊರೆಲ್ಲಾ ಸುತ್ತಿತು. ಈ ಮಾತ್ರೆಯಿಂದ ಮನುಷ್ಯರಿಗೆ ನಿಜವಾಗಿ ಆಗುವ ತೊಂದರೆ ಯಾರ ಮೊಬೈಲಿಗೂ ಬರಲಿಲ್ಲ. ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಗುಪ್ತಾಂಗದಲ್ಲಿ ಬೂಸ್ಟಿನ ಸೋಂಕು, ತುರಿಕೆ ಬರುತ್ತದೆ. ಹೆಂಗಸರಲ್ಲಿ ಜಾಸ್ತಿ. ಎಷ್ಟೋ ಜನ ನಾಚಿಕೆಯಿಂದ ಡಾಕ್ಟರಿಗೆ ಹೇಳುವುದೇ ಇಲ್ಲ. ಇನ್ನೊಂದು ಅಪರೂಪ, ಆದರೆ ಜೀವಕ್ಕೇ ಅಪಾಯ. ಊಟ ಸೇರದಿದ್ದಾಗ, ವಾಂತಿ ಭೇದಿ ಆದಾಗ, ನಿಟ್ಟುಪವಾಸ ಮಾಡಿದಾಗ, ಇನ್ಸುಲಿನ್ ದಿಢೀರ್ ಕಡಿಮೆ ಮಾಡಿದಾಗ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಬಹುದು. ಅಮೆರಿಕದ ಇಲಾಖೆ 2015ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಇದರ ಕಷ್ಟ ಏನೆಂದರೆ ಆಗ ಮನೆಯ ಮೀಟರ್‌ನಲ್ಲಿ ಸಕ್ಕರೆ ಅಷ್ಟೇನೂ ಜಾಸ್ತಿ ತೋರಿಸದೇ ಇರಬಹುದು. 'ಶುಗರ್ ಸರಿಯಾಗೇ ಇದೆ, ಗ್ಯಾಸ್ ಇರಬೇಕು' ಅಂತ ಮನೆಯಲ್ಲೇ ಉಳಿದುಬಿಡುತ್ತಾರೆ. ಏಕಾದಶಿಗೆ ನೀರೂ ಮುಟ್ಟದ ಮನೆಗಳಲ್ಲಿ ಈ ಮಾತು ಮೊದಲು ತಿಳಿಯಬೇಕು. ಅದು ಆ ಕಾಗದದಲ್ಲಿ ಇದೆ, ಇಲಿಯ ಸಾಲಿಗಿಂತ ಎಷ್ಟೋ ಮುಂಚೆ, ಅದೇ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. ಬಿಸ್ಕತ್ತಿನ ಪೊಟ್ಟಣದ ಮೇಲೆ ಕನ್ನಡ ಬರುತ್ತದೆ. ಈ ಕಾಗದದ ಮೇಲೆ ಯಾಕೆ ಬರಬಾರದು?

ಎರಡು ವರ್ಷದ ಇಲಿ ಪ್ರಯೋಗಕ್ಕೂ ಈಗ ಮರುವಿಚಾರ ನಡೆದಿದೆ. 2022ರಲ್ಲಿ ಅಂತರರಾಷ್ಟ್ರೀಯ ಔಷಧ ನಿಯಮಗಳನ್ನು ತಿದ್ದಿದರು. ಉಳಿದ ಸಾಕ್ಷಿಗಳು ಸ್ಪಷ್ಟವಾಗಿದ್ದರೆ ಈ ಪ್ರಯೋಗ ಮಾಡದೆಯೂ ಮುಂದುವರಿಯಬಹುದು ಅಂತ ಈಗ ಅವಕಾಶ ಇದೆ. ನೂರಾರು ಇಲಿಗಳು ಉಳಿಯುತ್ತವೆ, ಅದು ಒಳ್ಳೆಯದೇ. ಆದರೆ ಬೊಲೊನ್ಯದ ಇಲಿಗಳನ್ನು ನೆನೆದಾಗ, ಯಾವ ಔಷಧಕ್ಕೆ ಬಿಡಬಹುದು, ಯಾವುದಕ್ಕೆ ಬಿಡಬಾರದು ಅಂತ ತೀರ್ಮಾನಿಸುವವರ ಲೆಕ್ಕ ಎಲ್ಲರಿಗೂ ಕಾಣುವ ಹಾಗೆ ಇರಲಿ ಅನಿಸುತ್ತದೆ.

ದೊಡ್ಡಮ್ಮನನ್ನು ಅವರ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಬೈಯಲಿಲ್ಲ. ಫೋಟೋ ದೊಡ್ಡದು ಮಾಡಿ ಪೂರ್ತಿ ಓದಿದರು, 14 ಮಾತ್ರೆಯ ಲೆಕ್ಕವನ್ನು ಚೀಟಿಯ ಹಿಂದೆ ಬರೆದು ತೋರಿಸಿದರು. ದೊಡ್ಡಮ್ಮ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, 'ಪಾಪ, ಆ ಇಲಿ' ಅಂದರು. ಆಮೇಲೆ ಡಾಕ್ಟರು ಎರಡು ವಿಷಯ ಹೇಳಿದರು. ವಾಂತಿಯಾಗಿ ಊಟ ಸೇರದ ದಿನ ಈ ಮಾತ್ರೆ ಬಿಟ್ಟು ಫೋನ್ ಮಾಡಿ. ಯಾವುದಾದರೂ ಆಪರೇಷನ್ ಇದ್ದರೆ ಮೂರು ದಿನ ಮುಂಚೆ ನಿಲ್ಲಿಸಬೇಕು, ನೆನಪಿಸಿ. ದೊಡ್ಡಮ್ಮ ಮನೆಗೆ ಬಂದವರೇ ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ, ಏಕಾದಶಿಯ ತಾರೀಕುಗಳಿಗೆಲ್ಲ ಒಂದೊಂದು ಸುತ್ತು ಹಾಕಿ, ಪಕ್ಕದಲ್ಲಿ 'ಡಾಕ್ಟರನ್ನು ಕೇಳು' ಅಂತ ಬರೆದರು.